ಅಕ್ಕಲಕೋಟ ಮೋಟಾರಿನ ಹೊಗೆ

ರೋಗ ಯಾವುದೆಂದು ಗೊತ್ತಿಲ್ಲದಿದ್ದರೂ ಔಷಧ ಹೇಳುವ ಚಪಲ ನನಗೆ ಮೀಸೆ ಮೂಡುವುದಕ್ಕಿಂತ ಮೊದಲೇ ಮೂಡಿತ್ತು. ಮೀಸೆ ಈಗ ಬೆಳ್ಳಗಾಗಿ ಉದುರುವ ಹಂತಕ್ಕೆ ಬಂದಿದೆ. ಚಪಲ ಮಾತ್ರ ಇನ್ನೂ ಎಳೆಯದಾಗಿಯೇ ಇದೆ. ಯಾರಾದರೂ ಸೀನಿದರೆ ಸಾಕು, ಅವರು ಇನ್ನೊಮ್ಮೆ ಸೀನುವಷ್ಟರಲ್ಲಿ ನಾನು ಕಾರಣ ಹೇಳಿ, ಪಥ್ಯವನ್ನೂ ಹೇಳಿ ಮುಗಿಸಿರುತ್ತೇನೆ. ಎಮ್ಮೆ ಹಾಲು ಕಡಿಮೆ ಕೊಟ್ಟರೆ, ಗೋಡೆ ಗಡಿಯಾರ ಹಿಂದೆ ಬಿದ್ದರೆ, ನೆರೆಮನೆಯ ಗಂಡಹೆಂಡಿರು ಮಾತು ಬಿಟ್ಟರೆ, ಎಲ್ಲದಕ್ಕೂ ನನ್ನ ಹತ್ತಿರ ಒಂದು ಕಾರಣ ಸಿದ್ಧವಿರುತ್ತದೆ. ಹೈಸ್ಕೂಲಿನವರೆಗೆ ಓದಿ ನಿಲ್ಲಿಸಿದ್ದರ ದೋಷ ಇದು ಎಂದು ನನ್ನ ಅನುಮಾನ. (ನೋಡಿ, ಇದಕ್ಕೂ ಒಂದು ಕಾರಣ ಹೇಳಿಬಿಟ್ಟೆ.) ಈ ವಯಸ್ಸಿನಲ್ಲಿ ಜನ ತಾವು ಮಾಡಿದ ಪಾಪಗಳನ್ನು ನೆನೆದು ಕೆನ್ನೆ ಬಡಿದುಕೊಳ್ಳುತ್ತಾರೆ. ದೊಡ್ಡ ಪಾಪ ಮಾಡುವ ಧೈರ್ಯ ನನಗೆ ಎಂದೂ ಬರಲಿಲ್ಲವಾದ್ದರಿಂದ ನಾನು ಈ ನಾಲಗೆಯ ಚಪಲವನ್ನೇ ನೆನೆದು ಬಡಿದುಕೊಳ್ಳಬೇಕಾಗಿದೆ.

ಅದರಲ್ಲೂ ಹೊಗೆಯನ್ನು ಕಂಡರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಸೊಲ್ಲಾಪುರದಲ್ಲಿ ಹುಟ್ಟಿ ಬೆಳೆದವನಿಗೆ ಹೊಗೆಯ ಮೇಲೆ ಒಂದು ಭಕ್ತಿ ತಾನಾಗಿಯೇ ಬರುತ್ತದೆ. ನಾನು ಚಿಕ್ಕವನಿದ್ದಾಗ ಪಾಳಿಗೆ ಕರೆಯುವ ಬೆಳಗಿನ ಭೋಂಗಾ ಕೂಗಿ, ಗಿರಣಿಯ ಚಿಮಣಿಯಿಂದ ಹೊಗೆ ಎದ್ದಿತೆಂದರೆ ಓಣಿಗೆ ಓಣಿಯೇ ನಿರಾಳವಾಗುತ್ತಿತ್ತು. ಹೊಗೆ ಏಳಲಿಲ್ಲವೆಂದರೆ ಗಿರಣಿ ಬಂದಾಗಿದೆ, ಇನ್ನು ಎಷ್ಟು ಮನೆಗಳ ಒಲೆಯಲ್ಲಿ ಹೊಗೆ ಏಳುವುದಿಲ್ಲವೋ ಎಂದು ಹೆಂಗಸರು ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕುತ್ತಿದ್ದರು. ನಮ್ಮಜ್ಜಿ ಮೂಡಣಕ್ಕೆ ತಿರುಗಿ ಸೂರ್ಯನಿಗೆ ಕೈ ಮುಗಿದು, ಹಾಗೆಯೇ ಅರ್ಧ ಸುತ್ತು ಹೊರಳಿ ಚಿಮಣಿಗೂ ಮುಗಿಯುತ್ತಿದ್ದಳು. ನಾನು ನಕ್ಕರೆ, "ಅದು ಹೊಗಿ ಅಲ್ಲೋ ಹುಚ್ಚಾ, ನಾಕು ಮಂದಿ ರೊಟ್ಟಿ" ಎನ್ನುತ್ತಿದ್ದಳು. ಹೀಗೆ ಹೊಗೆಯನ್ನು ನೋಡಿ ಊರಿನ ಕ್ಷೇಮ ಹೇಳುವವರ ಮನೆಯಲ್ಲಿ ಬೆಳೆದವನು ನಾನು. ಮುಂದೆ ಹೊಗೆ ನೋಡಿ ಮೋಟಾರಿನ ಕ್ಷೇಮ ಹೇಳಲು ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಮೂವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮಣ್ಣನಿಗೆ ಸೊಲ್ಲಾಪುರದಲ್ಲಿ ಧೋತರ, ಚಾದರಗಳ ಸಗಟು ವ್ಯಾಪಾರ. ಅದರ ಜೊತೆಗೆ ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗಿಬರುವ ಒಂದು ಸರ್ವಿಸ್ ಮೋಟಾರನ್ನೂ ಇಟ್ಟಿದ್ದ. ನನ್ನನ್ನು ಅಂಗಡಿಯಲ್ಲಿ ಕೂರಿಸಿದರೆ ಗಿರಾಕಿಗಳ ಮೊಣಕಾಲು ನೋವಿಗೆ ಔಷಧ ಹೇಳುತ್ತ ಧೋತರ ತೋರಿಸುವುದನ್ನೇ ಮರೆಯುತ್ತೇನೆಂದು ಅವನು ನನ್ನನ್ನು ಮೋಟಾರಿನ ಮ್ಯಾನೇಜರ್ ಮಾಡಿದ. ಮ್ಯಾನೇಜರನ ಕೆಲಸವೆಂದರೆ ಡ್ರೈವರನ ಪಕ್ಕದ ಸೀಟಿನಲ್ಲಿ ಕುಳಿತುಕೊಳ್ಳುವುದು. ಆ ಸೀಟಿಗೆ ಗಾದಿ ಇತ್ತು. ಉಳಿದವರಿಗೆ ಬರೀ ಹಲಗೆ. ಹಳೆಯ ಪೆಟ್ರೋಲ್ ಗಾಡಿ ಮುದಿಯಾದಾಗ ಅಣ್ಣ ಹೊಸದೊಂದನ್ನು ತರಿಸಿದ. ಅದರ ಎಂಜಿನ್ ಡೀಸೆಲ್ಲಿನದು. ನಮ್ಮ ರಸ್ತೆ ಅಂಥದ್ದನ್ನು ಅದುವರೆಗೆ ಕಂಡಿರಲಿಲ್ಲ.

ಮುಂಬಯಿಯಿಂದ ಅದರ ಜೊತೆಗೆ ಬಂದಿದ್ದ ಫಿಟ್ಟರ್ ಎಂಜಿನ್ನಿನ ಮುಚ್ಚಳ ಎತ್ತಿ ನಮಗೆಲ್ಲ ತೋರಿಸಿದ. ಪೆಟ್ರೋಲ್ ಗಾಡಿಯಲ್ಲಿರುವಂತೆ ಇದರಲ್ಲಿ ಕಿಡಿ ಹಾರಿಸುವ ಪ್ಲಗ್ಗಿಲ್ಲ ಎಂದು ಮರಾಠಿಯಲ್ಲಿ ಹೇಳಿದ. ಹಾಗಾದರೆ ಬೆಂಕಿ ಹತ್ತುವುದು ಹೇಗೆ ಎಂದು ನಾನು ಕೇಳಿದೆ. ಎಂಜಿನ್ನು ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಅದನ್ನು ಅಮುಕಿ ಅಮುಕಿ ಒತ್ತುತ್ತದೆ, ಒತ್ತಿದ ಗಾಳಿ ಕಾದು ಕೆಂಡವಾಗುತ್ತದೆ, ಅದರ ಮೇಲೆ ಎಣ್ಣೆ ಚಿಮುಕಿಸಿದೊಡನೆ ತಾನೇ ಭಗ್ಗೆಂದು ಉರಿಯುತ್ತದೆ ಎಂದ. ನಾನು ನಂಬಲಿಲ್ಲ. ಮನೆಗೆ ಬಂದು ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು ಜೋರಾಗಿ ಹೊಡೆದೆ. ಪಂಪಿನ ಬುಡ ಬೆಚ್ಚಗಾಯಿತು. ಇನ್ನಷ್ಟು ಹೊಡೆದೆ, ಬೆರಳು ಚುರುಗುಟ್ಟಿತು. ಅಂಗಳದಲ್ಲಿ ಪಂಪು ಹಿಡಿದುಕೊಂಡು ಹಾಗೆಯೇ ನಿಂತುಬಿಟ್ಟೆ. ನಾನು ಹುಟ್ಟಿದಾಗಿನಿಂದ ಎಳೆದುಕೊಂಡು ಬಿಡುತ್ತಿದ್ದ, ಬೇಸಿಗೆಯಲ್ಲಿ ಬೀಸಣಿಗೆಯಿಂದ ಬೀಸಿಕೊಳ್ಳುತ್ತಿದ್ದ ಈ ಗಾಳಿಯ ಹೊಟ್ಟೆಯಲ್ಲಿ ಬೆಂಕಿ ಇತ್ತೇ! ಕಡ್ಡಿ ಗೀರದೆ, ಕಿಡಿ ಮುಟ್ಟಿಸದೆ, ಬರೀ ಗಾಳಿಯಿಂದ ಊರೂರು ಸುತ್ತುವ ಬೆಂಕಿ! ಇಂದಿಗೂ ಅದನ್ನು ನೆನೆದರೆ ನನ್ನ ಮೈ ಜುಮ್ಮೆನ್ನುತ್ತದೆ. ಈಗಿನವರಿಗೆ ಇದು ನಗೆಯಾಗಿ ಕಂಡೀತು. ನಕ್ಕುಕೊಳ್ಳಲಿ. ಪಂಪಿಗೆ ಬೆರಳು ಕೊಟ್ಟು ನೋಡದವರ ನಗೆಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ರೈಲು ಹತ್ತುವ ಮೊದಲು ಆ ಫಿಟ್ಟರ್ ಒಂದು ಮಾತು ಹೇಳಿ ಹೋದ. ಗಾಡಿಗೆ ಏನಾದರೂ ಆದರೆ ಮೊದಲು ಹಿಂದಿನ ಹೊಗೆ ನೋಡಿರಿ. ಬೆಳ್ಳಗಿದ್ದರೆ ಎಣ್ಣೆ ಉರಿಯದೆ ಹಾಗೆಯೇ ಹೊರಗೆ ಬರುತ್ತಿದೆ ಎಂದು ತಿಳಿಯಿರಿ; ಕಪ್ಪಗಿದ್ದರೆ ಉರಿಯುವ ಎಣ್ಣೆಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ ಎಂದು ತಿಳಿಯಿರಿ. ಪುಣ್ಯಾತ್ಮ ಈ ವಿದ್ಯೆಯನ್ನು ಬೇರೆ ಯಾರಿಗಾದರೂ ಹೇಳಿ ಹೋಗಬಾರದಿತ್ತೇ?

ನಮ್ಮ ಡ್ರೈವರ್ ದಸ್ತಗೀರ ಅಕ್ಕಲಕೋಟೆಯವನು. ಅವನ ತಂದೆ ಇದೇ ರಸ್ತೆಯಲ್ಲಿ ಟಾಂಗಾ ಹೊಡೆಯುತ್ತಿದ್ದ. ಆಮೇಲೆ ಇವನೂ ಹೊಡೆದ. ಮೋಟಾರುಗಳು ಬಂದು ಟಾಂಗಾಕ್ಕೆ ಜನ ಹತ್ತುವುದು ಕಡಿಮೆಯಾದಾಗ, "ಕುದುರಿ ಮಾರಿಬಿಡೋ, ಮೋಟಾರು ಕಲಿ" ಎಂದು ಅವನಿಗೆ ಬೋಧನೆ ಮಾಡಿದವನು ನಾನೇ. ಕುದುರೆಯನ್ನು ಕೊಟ್ಟು ಬಂದ ದಿನ ಅವನು ನಮ್ಮ ಅಂಗಡಿಯ ಕಟ್ಟೆಗೆ ಬಂದು ಕೂತು, ಸಂಜೆಯವರೆಗೂ ಹೋಗಿಬರುವ ಟಾಂಗಾಗಳನ್ನು ನೋಡಿ ಎದ್ದು ಹೋದ. ಮೋಟಾರನ್ನೇನೋ ಚೆನ್ನಾಗಿ ಕಲಿತ. ಆದರೆ ಹಳೆಯ ಪೆಟ್ರೋಲ್ ಗಾಡಿಯ ಮೇಲೆ ಅವನಿಗೆ ಪ್ರೀತಿ ಹುಟ್ಟಿದ್ದನ್ನು ನಾನು ಕಾಣೆ. ಡೀಸೆಲ್ ಗಾಡಿ ಬಂದ ದಿನ ಮಾತ್ರ ಅವನು ಚಾಲೂ ಇದ್ದ ಎಂಜಿನ್ನಿನ ಮುಚ್ಚಳದ ಮೇಲೆ ಅಂಗೈ ಇಟ್ಟು, ಕಣ್ಣು ಅರಳಿಸಿ, "ಸಾವಕಾರ್ರ, ಇದರಾಗ ಜೀವ ಅದರಿ" ಎಂದ. ಕುದುರೆಯ ಕುತ್ತಿಗೆ ತಟ್ಟುವಂತೆ ತಟ್ಟಿದ.

ಮಳೆಗಾಲವೆಲ್ಲ ಗಾಡಿ ಹೂವಿನಂತೆ ಓಡಿತು. ದಸರೆ ಕಳೆದು ಚಳಿ ಶುರುವಾದ ಮೇಲೆ ಅದರ ನಡವಳಿಕೆ ಬದಲಾಯಿತು. ಬೆಳಿಗ್ಗೆ ಚಾಲೂ ಆಗಲು ಒಲ್ಲೆನೆನ್ನುವುದು. ಬಚ್ಚಲ ಹಂಡೆಯಿಂದ ಬಿಸಿನೀರು ತಂದು ರೇಡಿಯೇಟರಿಗೆ ಹಾಕಬೇಕು. ದಸ್ತಗೀರ ಹ್ಯಾಂಡಲ್ ತಿರುವಿ ತಿರುವಿ ಬೆವರಬೇಕು. ಕೊನೆಗೆ ಪ್ರಯಾಣಿಕರೇ ಇಳಿದು ದೂಡಬೇಕು. ಹಾಗೆ ದೂಡಿದ ಮೇಲೆ ಒಮ್ಮೆ ಗಡಗಡನೆ ನಡುಗಿ, ಒಂದು ಬಡಿತ ಹೊಡೆದು ಇನ್ನೊಂದನ್ನು ನುಂಗಿ, ಸನ್ನಿ ಹಿಡಿದವರಂತೆ ಹಲ್ಲು ಕಟಕಟಿಸಿ, ಹಿಂದಿನಿಂದ ಬಿಳಿ ಹೊಗೆಯ ಮೋಡವನ್ನು ಬಿಡುತ್ತಿತ್ತು. ದೂಡುತ್ತಿದ್ದವರು ಅದರಲ್ಲಿ ಕಾಣೆಯಾಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಬಿಳಿ ಹೋಗಿ ಕರಿ ಹೊಗೆ ಬರುತ್ತಿತ್ತು. ರಸ್ತೆ ಏರಿತೆಂದರೆ ಸಾಕು, ಕಾಡಿಗೆ ಹಚ್ಚಿದ ಹಾಗೆ ಕಪ್ಪು. ಮದುವೆಗೆ ಹೊರಟವರು ಮಡಿ ಮಾಡಿದ ಬಿಳಿ ಧೋತರದಲ್ಲಿ ಹತ್ತಿ, ಇಳಿಯುವಾಗ ಇದ್ದಲಿನ ವ್ಯಾಪಾರಿಗಳಾಗಿರುತ್ತಿದ್ದರು. ಅಕ್ಕಲಕೋಟ ಸಂಸ್ಥಾನದ ಗಡಿಯ ಸುಂಕದ ನಾಕೆಯಲ್ಲಿ ನಮಗೆ ಸಲಾಮು ಹೊಡೆಯುತ್ತಿದ್ದ ಸಿಪಾಯಿ, ಕೈ ಇಳಿಸುವುದರೊಳಗೆ ಹೊಗೆಯಲ್ಲಿ ಮುಳುಗಿ ಕೆಮ್ಮುತ್ತಿದ್ದ. ದಾರಿಯ ಕುಂಭಾರಿಯಿಂದ ಸಂತೆಗೆ ಬರುವ ಹೆಂಗಸೊಬ್ಬಳು ಒಂದು ದಿನ ಸೆರಗು ಸಿಕ್ಕಿಸಿ ದೂಡುತ್ತ, "ಏನ್ ದಸ್ತಗೀರಣ್ಣಾ, ಇವತ್ತು ಮೋಟಾರು ನಮ್ಮನ್ನ ಒಯ್ತದೋ, ನಾವು ಮೋಟಾರು ಒಯ್ಯಬೇಕೋ?" ಎಂದು ಕೇಳಿದಳು. ದಸ್ತಗೀರ ನಗಲಿಲ್ಲ. ಕುದುರೆ ಕುಂಟಿದರೆ ಟಾಂಗಾದವನು ಎಂದಾದರೂ ನಗುತ್ತಾನೆಯೇ?

ನನಗೆ ಮಾತ್ರ, ನಿಜ ಹೇಳಬೇಕೆಂದರೆ, ಹಬ್ಬವಾಗಿತ್ತು. ಇಂಥ ದೊಡ್ಡ ರೋಗಿ ನನ್ನ ಕೈಗೆ ಎಂದೂ ಸಿಕ್ಕಿರಲಿಲ್ಲ. ದಿನವೂ ಗಾದಿಯ ಸೀಟಿನಿಂದ ಕತ್ತು ಹೊರಳಿಸಿ ಹೊಗೆ ನೋಡುವುದು, ದಿನಕ್ಕೊಂದು ಕಾರಣ ಹೇಳುವುದು. ಎಣ್ಣೆಯಲ್ಲಿ ನೀರು ಸೇರಿದೆ ಎಂದೆ. ದಸ್ತಗೀರ ಎಣ್ಣೆಯನ್ನು ಮಡಿಚಿದ ಹೊಸ ಧೋತರದಲ್ಲಿ ಸೋಸಿ ಹಾಕಿದ. ಎಣ್ಣೆ ಚಿಮುಕಿಸುವ ಮೂತಿ ಕಟ್ಟಿದೆ ಎಂದೆ, ಬಿಚ್ಚಿ ತೊಳೆದ. ಅವನು ಏನಾದರೂ ಹೇಳಲು ಬಾಯಿ ತೆರೆದರೆ ನನ್ನ ಮಾತು ಅಷ್ಟರಲ್ಲೇ ಅಲ್ಲಿ ಬಂದು ಕೂತಿರುತ್ತಿತ್ತು.

ಆಗ ನಮ್ಮ ಗಾಡಿಯಲ್ಲಿ ವಾರಕ್ಕೊಮ್ಮೆ ಅಕ್ಕಲಕೋಟೆಗೆ ಹೋಗುತ್ತಿದ್ದ ವೈದ್ಯ ಮಹಾಲಿಂಗಯ್ಯನವರು ನನ್ನ ನೆರವಿಗೆ ಬಂದರು. ನೂರಾರು ರೋಗಿಗಳ ನಾಡಿ ಹಿಡಿದ ಕೈ ಅವರದು. ಒಂದು ಬೆಳಿಗ್ಗೆ ಗಾಡಿ ನಡುಗುತ್ತಿದ್ದಾಗ ಅವರು ಮಡ್‌ಗಾರ್ಡಿನ ಮೇಲೆ ಎರಡು ಬೆರಳಿಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ನಿಂತರು. ಪ್ರಯಾಣಿಕರೆಲ್ಲ ಉಸಿರು ಬಿಗಿಹಿಡಿದರು.

"ತಮ್ಮಾ, ಮುಂಜಾನಿ ಬಿಳಿ ಹೊಗಿ ಬಿಟ್ಟು ನಡಗ್ತದ ಅಂದ್ರ ಕಫ" ಎಂದರು. "ಏರಿನ್ಯಾಗ ಕರಿ ಹೊಗಿ ಬಿಟ್ಟು ಏದುಸಿರು ಬಿಡ್ತದ ಅಂದ್ರ ದಮ್ಮು. ಕಫದ ಮ್ಯಾಲ ದಮ್ಮು ಕೂತದ."

"ಔಷಧ ಏನ್ರಿ ಅಯ್ಯನವರ?" ಎಂದೆ.

"ಕರ್ಪೂರ. ಎಣ್ಣ್ಯಾಗ ಕರಗಿಸಿ ಕುಡಸು. ಎದಿ ಬಿಚ್ಚತದ."

ಮನುಷ್ಯರ ಔಷಧಕ್ಕೆ ಮೋಟಾರು ಹೇಗೆ ಗುಣವಾದೀತು ಎಂದು ಯಾರೂ ಕೇಳಲಿಲ್ಲ. ಬರೀ ಗಾಳಿಯಿಂದ ಬೆಂಕಿ ಹುಟ್ಟಿಸುವ ಯಂತ್ರಕ್ಕೆ ಕರ್ಪೂರ ನಾಟದು ಎಂದು ಹೇಳುವ ಧೈರ್ಯ ಯಾರಿಗಿತ್ತು? ಎಣ್ಣೆಯ ಟಾಕಿಗೆ ಕರ್ಪೂರ ಬಿತ್ತು. ಮರುದಿನ ಹೊಗೆ ಅಷ್ಟೇ ಕಪ್ಪಗಿತ್ತು, ಆದರೆ ಪರಿಮಳ ಮಾತ್ರ ಬೇರೆಯಾಗಿತ್ತು. ಅಥವಾ ಎಲ್ಲರಿಗೂ ಹಾಗೆನಿಸಿತು. ಗಾಡಿ ಹಾದುಹೋದ ಮೇಲೆ ರಸ್ತೆಯ ಬದಿಯ ಮುದುಕಿಯರು ಆ ಹೊಗೆಯನ್ನು ಎರಡೂ ಅಂಗೈಗಳಲ್ಲಿ ಹಿಡಿದು ಕಣ್ಣಿಗೊತ್ತಿಕೊಳ್ಳತೊಡಗಿದರು. ನಾನು ಹಿಂತಿರುಗಿ ನೋಡಿ ಮೈಮರೆತೆ. ಅಣ್ಣನಿಗೆ ಸುದ್ದಿ ಮುಟ್ಟಿದಾಗ, "ಚಲೋ ಆತು ತಮ್ಮಾ. ಮಂದಿ ನಮ್ಮ ಗಾಡಿ ಹತ್ತೂದು ಬಿಟ್ಟು ಆರತಿ ತಗೊಳ್ಳಾಕತ್ತಾರ. ನಾಳಿ ಒಂದು ಗಂಟಿ ಕಟ್ಟು" ಎಂದ.

ಕರ್ಪೂರ ಸೋತ ಮೇಲೆ ನನಗೆ ಫಿಟ್ಟರನ ಮಾತು ನೆನಪಾಯಿತು. ಕಪ್ಪು ಹೊಗೆ ಎಂದರೆ ಗಾಳಿ ಸಾಲದು. ಇಷ್ಟು ದಿನ ಇದು ಹೇಗೆ ಹೊಳೆಯಲಿಲ್ಲ ಎಂದು ತೊಡೆ ತಟ್ಟಿಕೊಂಡೆ. ಗಾಡಿ ರಾತ್ರಿಯೆಲ್ಲ ನಿಲ್ಲುತ್ತಿದ್ದದ್ದು ಗಿರಣಿಗಳ ನಡುವೆ, ಅಣ್ಣನ ಗೋದಾಮಿನ ಬಗಲಲ್ಲಿ. ಸುತ್ತ ಚಿಮಣಿಗಳ ಹೊಗೆ, ಹತ್ತಿಯ ಧೂಳು. ಅಂಥ ಗಾಳಿ ಕುಡಿದು ಕುಡಿದು ಅದಕ್ಕೆ ದಮ್ಮು ಬಂದಿದೆ! ಆಗಿನ ಕಾಲದಲ್ಲಿ ಎದೆಯ ರೋಗ ಬಂದ ಸಿರಿವಂತರನ್ನು ಡಾಕ್ಟರರು ಹವಾಪಾಲಟಕ್ಕೆ ಕಳಿಸುತ್ತಿದ್ದರು. ಊರಾಚೆ ಒಳ್ಳೆಯ ಗಾಳಿ ಇರುವಲ್ಲಿ ನಾಲ್ಕು ದಿನ ಇದ್ದು ಬಂದರೆ ಮುಖದಲ್ಲಿ ಕಳೆ ಬರುತ್ತಿತ್ತು. ನಾನು ಮೋಟಾರನ್ನು ಹವಾಪಾಲಟಕ್ಕೆ ಕರೆದೊಯ್ದೆ. ಕುಂಭಾರಿಯ ಈರಣ್ಣ ಪಾಟೀಲರು ನಮ್ಮ ಮನೆಯ ಹಳೆಯ ಸ್ನೇಹಿತರು; ಅವರ ಹೊಲದ ಕಣದಲ್ಲಿ ಜೋಳದ ಬೆಳೆಯ ನಡುವೆ ಅದು ರಾತ್ರಿ ವಿಶ್ರಾಂತಿ ತೆಗೆದುಕೊಳ್ಳುವುದು, ಬೆಳಿಗ್ಗೆ ಸೊಲ್ಲಾಪುರಕ್ಕೆ ಬಂದು ಜನ ಹತ್ತಿಸಿಕೊಳ್ಳುವುದು ಎಂದು ಏರ್ಪಾಡಾಯಿತು. ನಾನು ಪಾಟೀಲರ ಮನೆಯಲ್ಲಿ ಬೆಚ್ಚಗೆ ಮಲಗುತ್ತಿದ್ದೆ. ದಸ್ತಗೀರ ಕಣದಲ್ಲಿ, ಗಾಡಿಯ ಒಳಗೆ. ತನಗೆ ಕೊಟ್ಟಿದ್ದ ಎರಡು ಚಾದರಗಳಲ್ಲಿ ಒಂದನ್ನು ಅವನು ಎಂಜಿನ್ನಿನ ಮೇಲೆ ಹೊದಿಸುತ್ತಿದ್ದ.

ಬಯಲಿನ ಚಳಿ ಊರಿನ ಚಳಿಯಂತಲ್ಲ. ಗಾಡಿ ಮೊದಲು ಎಷ್ಟು ಹೊತ್ತು ಸತಾಯಿಸುತ್ತಿತ್ತೋ ಈಗ ಅದರ ಎರಡರಷ್ಟು ಸತಾಯಿಸತೊಡಗಿತು. ಎತ್ತು ಕಟ್ಟಿ ಎಳೆಸಿದೆವು. ಸೊಲ್ಲಾಪುರದಲ್ಲಿ ಜನ ಕಾದು ಕಾದು ಬೇರೆ ಮೋಟಾರು ಹತ್ತಿ ಹೋದರು. ಒಂದು ದಿನ ಅಣ್ಣ ನನ್ನನ್ನು ಅಂಗಡಿಗೆ ಕರೆದು, "ನಿನ್ನ ಹವಾಪಾಲಟ ಆತಲ್ಲಾ. ಇನ್ನೇನು, ಕಾಶಿಯಾತ್ರೆ ಏನು? ಖರೆ ಏನಾಗ್ಯಾದ ಅದಕ್ಕ, ಅದನ್ನ ಹೇಳು" ಎಂದು ಕೇಳಿದ.

ನನಗೆ ಗೊತ್ತಿಲ್ಲ ಎಂಬ ಮಾತು ಕನ್ನಡದಲ್ಲಿದೆ. ಬಹಳ ಸರಳವಾದ ಮಾತು. ಆ ಹೊತ್ತಿಗೆ ಅದು ನನ್ನ ಬಾಯಿಗೆ ಬರಲಿಲ್ಲ. ಬಂದದ್ದು ಬೇರೆ.

"ಅಣ್ಣಾ, ನನಗನಸ್ತದ, ದಸ್ತಗೀರನ ಕಾಲು ಭಾರ ಅದ. ಭಾಳ ಎಣ್ಣಿ ಒತ್ತತಾನ. ಟಾಂಗಾದವ ನೋಡು, ಚಾವಟಿ ಹೊಡದು ರೂಢಿ."

ವೈದ್ಯನಿಗೆ ರೋಗ ತಿಳಿಯದಿದ್ದಾಗ ಪಥ್ಯ ಮಾಡಿಲ್ಲವೆಂದು ರೋಗಿಯನ್ನು ಬೈಯುತ್ತಾನೆ. ನಾನು ರೋಗಿಯ ತಾಯಿಯನ್ನೇ ಬೈದಂತಾಯಿತು. ಅಣ್ಣ ವ್ಯಾಪಾರಿ. ಅವನು ಒಂದು ಕ್ಷಣ ಯೋಚಿಸಿ, "ಎಂಜಿನ್ ಬದಲಿ ಮಾಡ್ಲಿಕ್ಕ ಆಗೂದಿಲ್ಲ. ಕಾಲು ಬದಲಿ ಮಾಡೂಣು" ಎಂದ. ಬಾರ್ಶಿಯ ಕಡೆ ಒಬ್ಬ ಡ್ರೈವರ್ ಖಾಲಿ ಇದ್ದ. ಸಂಕ್ರಾಂತಿಯ ಮರುದಿನ ಅವನು ಬರುವುದು, ದಸ್ತಗೀರ ಬಿಡುವುದು ಎಂದು ನಿಶ್ಚಯವಾಯಿತು. ಕೆಲಸ ಹೋದರೆ ದಸ್ತಗೀರನಿಗೆ ಮತ್ತೆ ಕಟ್ಟಲು ಕುದುರೆ ಇರಲಿಲ್ಲ, ಕುದುರೆ ಇದ್ದರೂ ಹತ್ತುವ ಜನ ಇರಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆಡಿದ ಮೇಲೆ ಅದು ನನಗೇ ನಿಜವೆನಿಸತೊಡಗಿತ್ತು.

ದಸ್ತಗೀರನಿಗೆ ಸುದ್ದಿ ತಿಳಿದದ್ದು ಅಂಗಡಿಯ ಹಮಾಲರಿಂದ. ಅವನು ಜಗಳವಾಡಲಿಲ್ಲ. ಮರುದಿನ ಗಾಡಿ ಹತ್ತುವ ಮುಂಚೆ, "ನನ್ನ ಕಾಲು ಭಾರಾ ಅಂದ್ರಂತರಿ?" ಎಂದು ಮಾತ್ರ ಕೇಳಿದ. ನಾನು ರಸ್ತೆಯ ಕಡೆ ನೋಡುತ್ತ ಏನೋ ಗೊಣಗಿದೆ. ಅವನು ಚಪ್ಪಲಿಗಳನ್ನು ಬಿಚ್ಚಿ ಸೀಟಿನ ಕೆಳಗಿಟ್ಟ. ಅಂದಿನಿಂದ ಬರಿಗಾಲಿನಲ್ಲಿ, ಹೆಬ್ಬೆರಳ ತುದಿಯಿಂದ, ಮಲಗಿದ ಕೂಸಿನ ತೊಟ್ಟಿಲು ತೂಗುವಂತೆ ಮೆಲ್ಲಗೆ ಒತ್ತಿ ಗಾಡಿ ಓಡಿಸಿದ. ಎತ್ತಿನ ಗಾಡಿಗಳು ನಮ್ಮನ್ನು ಹಿಂದೆ ಹಾಕಿದವು. ಹೊಗೆ ಮಾತ್ರ ಎಳ್ಳಷ್ಟೂ ತಿಳಿಯಾಗಲಿಲ್ಲ. ನನ್ನ ಕಾರಣ ಸುಳ್ಳೆಂದು ಅವನ ಹೆಬ್ಬೆರಳು ದಿನವೂ ನನ್ನ ಪಕ್ಕದಲ್ಲೇ ಸಾರಿ ಹೇಳುತ್ತಿತ್ತು. ನಾನು ಆ ಕಡೆ ನೋಡುವುದನ್ನೇ ಬಿಟ್ಟೆ.

ಸಂಕ್ರಾಂತಿಯ ಬೆಳಿಗ್ಗೆ ಬಂತು. ದಸ್ತಗೀರನ ಕೊನೆಯ ದಿನ. ಕಣದ ಮೇಲೆ ಮಂಜು. ಜೋಳದ ತೆನೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಎತ್ತು ಕಟ್ಟಿ ಎಳೆಸಿ, ಅಂತೂ ಗಾಡಿ ನಡುಗುತ್ತ ಎಚ್ಚರಾಯಿತು. ಅಷ್ಟರಲ್ಲಿ ಈರಣ್ಣ ಪಾಟೀಲರು ಸ್ನಾನ ಮಾಡಿ, ವಿಭೂತಿ ಹಚ್ಚಿ, ಅಂಗೈಯಲ್ಲಿ ಕುಸುರೆಳ್ಳು ಹಿಡಿದುಕೊಂಡು ಬಂದರು. ನನಗೆ ಕೊಟ್ಟರು, ದಸ್ತಗೀರನಿಗೆ ಕೊಟ್ಟರು. ಆಮೇಲೆ, "ಇದಕ್ಕೂ ಕೊಡಬೇಕಲ್ಲಾ, ವರ್ಷದ ಹಬ್ಬ" ಎಂದು ಗಾಡಿಯ ಮುಂಭಾಗಕ್ಕೆ ಹೋದರು. ಎಂಜಿನ್ನಿನ ಮಗ್ಗುಲಿಗೆ ಸಣ್ಣ ಕಹಳೆಯಂತೆ ಬಾಯಿ ತೆರೆದುಕೊಂಡ ಒಂದು ಕೊಳವೆ ಇತ್ತು. ಗಾಡಿ ಉಸಿರು ಎಳೆದುಕೊಳ್ಳುವುದು ಅದರಿಂದ. ಪಾಟೀಲರು ಅದರ ಬಾಯಿಗೆ ಅಂಗೈ ಹಿಡಿದು, "ತಗೋ ತಾಯಿ, ಎಳ್ಳು ಬೆಲ್ಲಾ ತಿಂದು ಚಲೋ ಮಾತಾಡು" ಎಂದರು. ಕಾದರು. ಅಂಗೈಯನ್ನು ಇನ್ನಷ್ಟು ಹತ್ತಿರ ಒಯ್ದರು. ಮತ್ತೆ ಕಾದರು.

"ಯಾಕೋ ದಸ್ತಗೀರಾ, ಇದು ಒಲ್ಲೆ ಅಂತದ?"

"ಏನ್ ಒಲ್ಲೆ ಅಂತದರಿ ಪಾಟೀಲರ?"

"ದಸರಾದಾಗ ಬನ್ನಿ ಹಿಡದ್ರ ಕೈಯಾಗಿಂದ ಕಸ್ಕೊಂಡಿತ್ತು. ಸೊರ್ರಂತ ಎಳಕೊಂಡಿತ್ತಲ್ಲಾ! ಇವತ್ತು ಒಂದು ಎಳ್ಳೂ ಅಳಗಾಡವಲ್ದು. ಮುನಿಸ್ಯಾದೇನು? ಯಾರರೆ ಏನರೆ ಅಂದೀರೇನು ಅದಕ್ಕ?"

ಇಲ್ಲಿ ನಾನು ದಸರೆಯ ಸಂಗತಿ ಹೇಳಬೇಕು. ನಮ್ಮ ಕಡೆ ವಿಜಯದಶಮಿಯ ದಿನ ಬನ್ನಿಯ ಎಲೆಯೇ ಬಂಗಾರ. ಕಿರಿಯರು ಹಿರಿಯರ ಕೈಗೆ ಎಲೆ ಕೊಟ್ಟು, "ಬಂಗಾರ ತಗೊಂಡು ಬಂಗಾರದಂಗ ಇರೂಣು" ಎಂದು ಕಾಲು ಮುಟ್ಟಿ ನಮಸ್ಕರಿಸುತ್ತಾರೆ. ಆ ದಿನ ನಮ್ಮ ಗಾಡಿ ಕುಂಭಾರಿಯಲ್ಲಿ ನಿಂತಾಗ, ಇದೇ ಪಾಟೀಲರು ಅದಕ್ಕೂ ಬಂಗಾರ ಕೊಡಲು ಬಂದರು. ಮೋಟಾರಿಗೆ ಕೈ ಇರಲಿಲ್ಲ, ಕಹಳೆಯಂಥ ಬಾಯಿ ಇತ್ತು. ಅದರ ಮುಂದೆ ಎಲೆ ಹಿಡಿದರು. ಎಂಜಿನ್ನು ನಡೆಯುತ್ತಿತ್ತು. ಎಲೆ ಅವರ ಬೆರಳುಗಳಿಂದ ಚಿಮ್ಮಿ ಒಳಗೆ ಹೋಯಿತು. ಸುತ್ತ ನಿಂತವರೆಲ್ಲ ಒಮ್ಮೆಗೇ "ಹೋ!" ಎಂದು ಉಸಿರೆಳೆದರು. ಯಂತ್ರ ಬಂಗಾರ ಸ್ವೀಕರಿಸಿತು! ಕೊಟ್ಟವರ ಕೈಯಿಂದ ತಾನಾಗಿ ತೆಗೆದುಕೊಂಡಿತು! ಮುದುಕರು, ಹೆಂಗಸರು, ಕಂಕುಳ ಕೂಸುಗಳು ಸಾಲುಗಟ್ಟಿ ಬಂದು ಒಬ್ಬೊಬ್ಬರಾಗಿ ಎಲೆ ಹಿಡಿದರು. ಅದು ಒಬ್ಬರನ್ನೂ ನಿರಾಸೆ ಮಾಡಲಿಲ್ಲ. ಮುಂದಿನ ಊರು ವಳಸಂಗದಲ್ಲಿಯೂ ಹಾಗೆಯೇ ಆಯಿತು, ಅಕ್ಕಲಕೋಟೆಯ ನಿಲ್ದಾಣದಲ್ಲಿಯೂ. ದಸ್ತಗೀರ ಸ್ಟೇರಿಂಗಿನ ಹಿಂದೆ ಕೂತು, ತನ್ನ ಮಗನಿಗೆ ಊರವರು ಸನ್ಮಾನ ಮಾಡಿದಂತೆ ಹಿಗ್ಗಿದ. ಹೈಸ್ಕೂಲು ಓದಿದ ಮ್ಯಾನೇಜರು, ಅಂದರೆ ನಾನು, ಕೆಳಗಿಳಿದು ಜನರನ್ನು ಸಾಲಿನಲ್ಲಿ ನಿಲ್ಲಿಸಿದೆ. ಕೊನೆಗೆ ನಾನೂ ಒಂದು ಎಲೆ ಹಿಡಿದೆ. ಆ ಎಲೆ ನನ್ನ ಬೆರಳ ತುದಿಯಿಂದ ಸೆಳೆದುಹೋದಾಗ ಎದೆಯಲ್ಲಿ ಏನೋ ಝಲ್ಲೆಂದದ್ದು ಇಂದಿಗೂ ನೆನಪಿದೆ. ದೊಡ್ಡವರು ಯಾರೋ ನನ್ನನ್ನು ಗುರುತಿಸಿದ ಹಾಗೆ.

ಪಾಟೀಲರ ಮಾತು ಕೇಳಿ ದಸ್ತಗೀರ ಸರ್ರನೆ ಕೆಳಗಿಳಿದ. ಕೊಳವೆಯ ಬಾಯಿಗೆ ಅಂಗೈ ಮುಚ್ಚಿ ಹಿಡಿದ. ಎಳೆತವಿಲ್ಲ. ಅವನು ತಲೆಯೆತ್ತಿ ನನ್ನನ್ನು ನೋಡಿದ. ಎಂಜಿನ್ ನಿಲ್ಲಿಸಿ, ಕೊಳವೆಯ ಬಿಗಿ ಬಿಚ್ಚಿ ತೆಗೆದ. ಒಳಗೆ ಕಸ ತಡೆಯಲೆಂದು ಇಟ್ಟಿದ್ದ ತಂತಿಯ ಜಾಳಿಗೆಗೆ ಒತ್ತಿಕೊಂಡು ಎಲೆಗಳು ಕೂತಿದ್ದವು. ಮೂರು ಊರಿನ ಬಂಗಾರ. ಎಣ್ಣೆ ಕುಡಿದು, ರಸ್ತೆಯ ಧೂಳು ಮೆತ್ತಿ, ಸಗಣಿಯ ಬೆರಣಿಯಂತೆ ಗಟ್ಟಿಯಾಗಿದ್ದವು. ದಸ್ತಗೀರ ಅದನ್ನು ಅಂಗೈ ಮೇಲೆ ಇಡಿಯಾಗಿ ತೆಗೆದು ಹಿಡಿದ.

ಯಾರೂ ನಗಲಿಲ್ಲ. ಇದನ್ನು ನಾನು ಒತ್ತಿ ಹೇಳಬೇಕು. ಈಗ ಈ ಕಥೆ ಕೇಳಿದವರೆಲ್ಲ ಇಲ್ಲಿ ನಗುತ್ತಾರೆ. ಆದರೆ ಆ ಮಂಜಿನಲ್ಲಿ ನಿಂತವರಿಗೆ ನಗು ಬರಲಿಲ್ಲ. ಜನ ಪ್ರೀತಿಯಿಂದ ಕೊಟ್ಟದ್ದನ್ನು ಬೇಡವೆನ್ನದೆ ತೆಗೆದುಕೊಂಡು, ಅದನ್ನು ಎದೆಯಲ್ಲೇ ಕಟ್ಟಿಕೊಂಡು, ಉಸಿರು ಸಿಗದೆ ಏದುತ್ತ, ಕೆಮ್ಮುತ್ತ, ಆದರೂ ದಿನವೂ ನಮ್ಮನ್ನು ಹೊತ್ತು ಅಕ್ಕಲಕೋಟೆಗೆ ಹೋಗಿಬರುತ್ತಿತ್ತು ಅದು. ಪಾಟೀಲರು ಮುಂದೆ ಬಂದು ಆ ಕರಿ ಮುದ್ದೆಯಿಂದ ಒಂದು ಎಲೆಯನ್ನು ಬಿಡಿಸಿ, ಧೋತರದ ಚುಂಗಿನಿಂದ ಒರೆಸಿ, ಹಣೆಗೆ ಒತ್ತಿಕೊಂಡರು. "ತಪ್ಪಾತ ತಾಯಿ" ಎಂದರು. ತಪ್ಪು ನನ್ನದು ಎಂದು ನಾನು ಆಗಲೇ ಹೇಳಬಹುದಿತ್ತು. ಹೇಳುವ ಬದಲು ಜಾಳಿಗೆ ತೊಳೆಯಲು ನೀರು ತರುತ್ತೇನೆಂದು ಹೊರಟೆ.

ಜಾಳಿಗೆ ತೊಳೆದು ಕೊಳವೆ ಕೂರಿಸಿ ಹ್ಯಾಂಡಲ್ ತಿರುವಿದ ಕೂಡಲೇ ಎಂಜಿನ್ನು ಎದ್ದಿತು. ನಡುಕವಿಲ್ಲ, ತೊದಲಿಲ್ಲ. ಹಿಂದಿನಿಂದ ಮೊದಲು ಒಂದಿಷ್ಟು ಬಿಳಿ ಬಂದು, ಮಂಜಿನಲ್ಲಿ ಬೆರೆತು, ಆಮೇಲೆ ಏನೂ ಕಾಣಲಿಲ್ಲ. ಗಾಳಿ ಬಿಸಿಯಾಗಿ ಅಲುಗುತ್ತಿದ್ದುದಷ್ಟೇ ಕಾಣುತ್ತಿತ್ತು. ಪಾಟೀಲರಿಗೆ ಆನಂದ ತಡೆಯಲಾಗಲಿಲ್ಲ. "ಈಗ ತಗೋತದ ನೋಡು!" ಎಂದು ಕುಸುರೆಳ್ಳಿನ ಕೈಯನ್ನು ಮತ್ತೆ ಕೊಳವೆಗೆ ಒಯ್ದರು. ದಸ್ತಗೀರ ಹಾರಿ ಬಂದು ಆ ಬಾಯಿಗೆ ಬೆನ್ನು ಕೊಟ್ಟು ನಿಂತ.

"ಬ್ಯಾಡ್ರಿ ಪಾಟೀಲರ! ನನಗ ಕೊಡ್ರಿ. ಅದರ ಪಾಲು ನಾ ತಿಂತೀನಿ."

ಸೊಲ್ಲಾಪುರಕ್ಕೆ ಹೋಗಿ ನಾನೇ ಅಣ್ಣನಿಗೆ ಎಲ್ಲವನ್ನೂ ಹೇಳಿದೆ. ಎಲೆಗಳ ಸಂಗತಿ, ಸಾಲು ನಿಲ್ಲಿಸಿದ್ದು, ಕಾಲಿನ ಭಾರದ ಬಗ್ಗೆ ನಾನಾಡಿದ ಮಾತಿಗೆ ಆಧಾರವೇ ಇರಲಿಲ್ಲವೆಂಬುದು. ಹೇಳುವಾಗ ದಸ್ತಗೀರ ಬಾಗಿಲಲ್ಲಿ ನಿಂತಿದ್ದ, ಇನ್ನೂ ಬರಿಗಾಲಿನಲ್ಲಿ. ಅಣ್ಣ ಅವನ ಕಡೆ ತಿರುಗಿ, "ಬಾರ್ಶಿಯವಗ ಬರಬ್ಯಾಡ ಅಂತ ಹೇಳಿ ಕಳಸ್ತೀನಿ. ನೀ ಇರ್ತಿಯಲ್ಲೋ ದಸ್ತಗೀರಾ?" ಎಂದು ಕೇಳಿದ.

ಅವನು ನನ್ನ ಕಡೆ ಒಮ್ಮೆ ನೋಡಿದ.

"ಇರ್ತೀನ್ರಿ. ಆದರ ಒಂದು ಮಾತು. ಸಣ್ಣ ಸಾವಕಾರ್ರು ನನ್ನ ಬಗಲಾಗ ಕೂಡೂದು ಬ್ಯಾಡ್ರಿ."

"ಯಾಕೋ?"

"ಅವರ ಆವಾಜದಾಗ ಗಾಡಿ ಆವಾಜ ನನಗ ಕೇಳಸೂದಿಲ್ರಿ."

"ನಾಳಿಯಿಂದ ಅಲ್ಲ, ಇವತ್ತಿಂದನ" ಎಂದು ಅಣ್ಣ ಹೇಳಿದ. ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಜನ್ಮದಲ್ಲಿ ಮೊದಲ ಸಲ ನಾನೂ ಹೇಳಲಿಲ್ಲ.

ಹೀಗೆ ಮ್ಯಾನೇಜರು ಗಾದಿಯ ಸೀಟಿನಿಂದ ಹಿಂದಿನ ಕಡೆಯ ಹಲಗೆಗೆ ಬಂದ. ದಸ್ತಗೀರ ಚಪ್ಪಲಿ ಮೆಟ್ಟಿಕೊಂಡು, ಶಿಳ್ಳೆ ಹಾಕುತ್ತ, ಎತ್ತಿನ ಗಾಡಿಗಳನ್ನೆಲ್ಲ ಹಿಂದೆ ಹಾಕಿ ಓಡಿಸಿದ. ನಾನು ಹಿಂದೆ ಸಂತೆಯ ಬುಟ್ಟಿಗಳ ನಡುವೆ, ರಸ್ತೆಯ ಧೂಳು ತಿನ್ನುತ್ತ ಕೂತೆ. ಮಾಡಿದ್ದಕ್ಕೆ ಇದು ತಕ್ಕ ಶಿಕ್ಷೆ, ಬಾಯಿ ಮುಚ್ಚಿಕೊಂಡು ಅನುಭವಿಸಬೇಕು ಎಂದು ನಿಶ್ಚಯಿಸಿದೆ. ಹಾಗೆ ಕೆಲವು ದಿನ ಕಳೆದವು. ಆದರೆ ಹಿಂದಿನ ಹಲಗೆಯಿಂದ ಹೊಗೆಕೊಳವೆ ನೇರ ಕೆಳಗೇ ಇರುತ್ತದೆ ಎಂಬುದನ್ನು ಶಿಕ್ಷೆ ಕೊಟ್ಟವರು ಯೋಚಿಸಿರಲಿಲ್ಲ. ಒಂದು ದಿನ ವಳಸಂಗ ದಾಟುವಾಗ ನೋಡುತ್ತೇನೆ, ನನ್ನ ಕಣ್ಣೆದುರೇ ತೆಳ್ಳಗೆ ನೀಲಿ ಹೊಗೆ ಸುರುಳಿ ಸುರುಳಿಯಾಗಿ ಏಳುತ್ತಿದೆ. ನೀಲಿ! ಎಂಜಿನ್ನಿಗೆ ಸವರುವ ಎಣ್ಣೆಯೇ ಒಳಗೆ ಸುಡತೊಡಗಿದರೆ ಹೊಗೆ ನೀಲಿಯಾಗುತ್ತದೆ ಎಂದು ಎಲ್ಲೋ ಕೇಳಿದ್ದೆ. ನಾಲಗೆ ಕಚ್ಚಿ ಹಿಡಿದೆ. ಒಂದು ಮೈಲಿ ಹಿಡಿದೆ. ಆಮೇಲೆ ತಡೆಯಲಾರದೆ, ಪಕ್ಕದಲ್ಲಿ ಬದನೆಕಾಯಿ ಬುಟ್ಟಿ ಹಿಡಿದು ಕೂತಿದ್ದ ಮುದುಕಿಗೆ ಮೆಲ್ಲಗೆ ಹೇಳಿದೆ: "ಯಮ್ಮಾ, ಎಂಜಿನ್ ಒಳಗಿಂದ ಸುಡಾಕತ್ತದ. ನೀಲಿ ಹೊಗಿ ನೋಡಿದಿ?"

ಅವಳು ಹೊಗೆ ನೋಡಿದಳು, ನನ್ನನ್ನು ನೋಡಿದಳು. "ಯಪ್ಪಾ, ಅದು ನಿನ್ನ ಕೈಯಾಗಿನ ಬೀಡಿ" ಎಂದಳು.

ಬೀಡಿಯನ್ನು ಹಲಗೆಗೆ ಒತ್ತಿ ಆರಿಸಿದೆ. ಹೊಗೆ ಕೂಡಲೇ ನಿಂತಿತು. ಇಷ್ಟು ವರ್ಷಗಳ ವೈದ್ಯಕೀಯದಲ್ಲಿ ನಾನು ಪೂರ್ತಿ ಗುಣಪಡಿಸಿದ ಹೊಗೆ ಅದೊಂದೇ.